ಕುರ್ಚಿಯವರೆಗೆ

ನಮ್ಮ ಕಡೆ ಸ್ತ್ರೀವೇಷ ಸ್ಪರ್ಧೆ ಎಂದರೆ ಗಂಡಸರು ಸೀರೆ ಉಟ್ಟು ಊರನ್ನು ನಗಿಸುವ ಆಟ. ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಮಧ್ಯಾಹ್ನದ ಊಟದ ನಂತರ ಇಡುತ್ತಾರೆ. ಉಂಡ ಜನ ತೂಕಡಿಸಬಾರದಲ್ಲ. ಮೀಸೆಯವನು ಲಿಪ್‌ಸ್ಟಿಕ್ ಹಚ್ಚಿಕೊಂಡು ಬರುತ್ತಾನೆ. ಎದೆಗೆ ತುರುಕಿಕೊಂಡ ಬಲೂನು ಒಡೆಯುತ್ತದೆ. ಹೆಂಗಸರು, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕೊನೆಗೊಂದು ಪದ್ಧತಿ ಇದೆ. ಎಲ್ಲರೂ ಸಾಲಾಗಿ ನಿಂತು ವಿಗ್ಗು ಕಿತ್ತು ಮೇಲೆತ್ತಬೇಕು. ನೋಡಿ, ನಾವು ಗಂಡಸರೇ ಅಂತ ತೋರಿಸಬೇಕು. ಆಗ ಚಪ್ಪಾಳೆ.

ಆ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ. ಸಮಾಧಾನದ ಮಾತು ಬೇಕಾದವರು ಬೇರೆ ಯಾರನ್ನಾದರೂ ಕೇಳಿ.

ನಾನು ಸುಹೈಬ್. ಸುಳ್ಯ ಪೇಟೆಯಲ್ಲಿ ಹೈದರ್ ಕಾಕನ ಅಂಗಡಿಯಲ್ಲಿ ಕೋಳಿ ಕಡಿಯುತ್ತೇನೆ. ಎಷ್ಟು ಸೋಪು ಹಾಕಿದರೂ ಕೈಯಿಂದ ವಾಸನೆ ಹೋಗುವುದಿಲ್ಲ. ಬ್ಯಾಂಕಿಗೆ ಹೋದರೆ ಕ್ಯೂನಲ್ಲಿ ನನ್ನ ಹಿಂದೆ ನಿಂತವರು ಮೂಗು ಮುಚ್ಚುತ್ತಾರೆ. ಕೌಂಟರಿನ ಹೆಂಗಸು ಒಮ್ಮೆ, "ನೀವು ಸ್ವಲ್ಪ ಹೊರಗೆ ನಿಲ್ಲಿ, ಕರೀತೇವೆ" ಅಂದಳು. ನಿಂತೆ. ಕರೆಯಲೇ ಇಲ್ಲ. ಹಾಗಾಗಿ ಭಾನುವಾರ ಸಂಜೆ ನಾನು ಬ್ಯಾಂಕ್ ಮ್ಯಾನೇಜರಮ್ಮ ಆಗುತ್ತೇನೆ. ಹೆಸರು ಝುಲೈಖಾ. ಕಂಚಿ ಬಾರ್ಡರಿನ ಸೀರೆ, ಮೂಗಿನ ತುದಿಗೆ ಕನ್ನಡಕ. ನನ್ನನ್ನು ಮ್ಯಾನೇಜರಮ್ಮ ಮಾಡಿದವಳು ದುಗ್ಗಮ್ಮ.

ದುಗ್ಗಮ್ಮನ ರೇಷನ್ ಕಾರ್ಡಿನಲ್ಲಿ ಚನಿಯಪ್ಪ ಎಂದಿದೆ. ಗುತ್ತಿಗಾರಿನ ಮೇಲೆ ಕಾಡಿನ ಅಂಚಿಗೆ ಒಂದು ಕಾಲನಿ. ಊರವರು ಅಲ್ಲಿಗೆ ಓಟಿನ ಸಮಯದಲ್ಲಿ ಮಾತ್ರ ಬರುತ್ತಾರೆ. ಅವಳ ಮನೆ ಅಲ್ಲಿಯೇ. ದುಗ್ಗಮ್ಮ ಅವಳ ಅಜ್ಜಿಯ ಹೆಸರು. ಅದನ್ನು ಅವಳೇ ಎತ್ತಿಕೊಂಡಳು, ಯಾರನ್ನೂ ಕೇಳಲಿಲ್ಲ. ಈಗ ವಯಸ್ಸು ಐವತ್ತು ದಾಟಿರಬಹುದು. ನಮಗೆಲ್ಲ ಅಮ್ಮ.

ಕೆಲಸ ಜಯಪ್ರಕಾಶ ಧಣಿಯ ರಬ್ಬರ್ ತೋಟದಲ್ಲಿ. ಬೆಳಕು ಹರಿಯುವ ಮೊದಲೇ ಹಣೆಗೆ ಟಾರ್ಚು ಕಟ್ಟಿಕೊಂಡು ಗುಡ್ಡ ಹತ್ತಬೇಕು. ಆನೆ ಬಂದು ನಿಂತಿದೆಯೋ ಎಂದು ಕಿವಿ ಕೊಡುತ್ತ ಮರದಿಂದ ಮರಕ್ಕೆ ಹೋಗಿ ತೊಗಟೆ ಕೆರೆಯಬೇಕು. ಬಿಸಿಲೇರಿದ ಮೇಲೆ ಅದೇ ಗುಡ್ಡವನ್ನು ಮತ್ತೆ ಸುತ್ತಿ ಗೆರಟೆಗಳಿಂದ ಹಾಲು ಬಗ್ಗಿಸಿ ಹೊತ್ತು ತರಬೇಕು. ಟ್ರೇಗೆ ಹೊಯ್ದು ಆಸಿಡ್ ಬೆರೆಸಬೇಕು. ಗಟ್ಟಿಯಾದದ್ದನ್ನು ರೋಲರಿಗೆ ಕೊಟ್ಟು ಶೀಟು ಮಾಡಬೇಕು. ಆಸಿಡ್ ಅವಳ ಬೆರಳ ತುದಿಗಳನ್ನು ತಿಂದಿದೆ. ಆಧಾರಿನ ಯಂತ್ರ ಅವಳ ಬೆರಳನ್ನು ಒಪ್ಪುವುದಿಲ್ಲ. ರಬ್ಬರ್ ಹಾಲು ತೋಳಿನ ಮೇಲೆ ಒಣಗುತ್ತದೆ. ಎಳೆದರೆ ರೋಮ ಸಮೇತ ಕಿತ್ತು ಬರುತ್ತದೆ. ಅವಳು ಎಳೆಯುತ್ತ ನಗುತ್ತಾಳೆ.

"ಇದಕ್ಕೆ ಪುತ್ತೂರಿನ ಪಾರ್ಲರಿನವ್ರು ದುಡ್ಡು ತೆಕ್ಕೊಳ್ತಾರಂತೆ ಮಗಾ. ನನಗೆ ಧಣಿಯೇ ಸಂಬಳ ಕೊಟ್ಟು ಮಾಡಿಸುದು."

ಹಳೆಯ ಕಥೆಯೊಂದನ್ನು ಹೇಳದೆ ಇಂದಿನದು ಅರ್ಥವಾಗುವುದಿಲ್ಲ. ಮಾರ್ನೆಮಿಯಲ್ಲಿ, ಅಂದರೆ ನವರಾತ್ರಿಯಲ್ಲಿ, ನಮ್ಮ ಕಡೆ ವೇಷ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ. ಹುಲಿ, ಕರಡಿ, ಪೊಲೀಸು. ಮನೆಯವರು ಅಂಗಳದಲ್ಲಿ ನೋಡಿ ಚಿಲ್ಲರೆ ಕೊಟ್ಟು ಕಳಿಸುತ್ತಾರೆ. ದುಗ್ಗಮ್ಮ ಆಗ ಹದಿಹರೆಯದ ಹುಡುಗ. ಶಾಲೆಯ ಟೀಚರ ವೇಷ ಹಾಕಿದಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಕೊಡೆ, ಹೆಗಲಿಗೆ ಬ್ಯಾಗು, ಎಡಗೈಗೆ ವಾಚು. ಕುಣಿಯಲಿಲ್ಲ, ಹಲ್ಲು ಕಿಸಿಯಲಿಲ್ಲ. ಸುಮ್ಮನೆ ನಡೆದಳು. ಪೇಟೆಯಲ್ಲಿ ಬೀಡಿ ಸೇದುತ್ತಿದ್ದವರು ಬೀಡಿ ಬಿಸಾಡಿದರಂತೆ.

ಹಾಗೆಯೇ ನಡೆಯುತ್ತ ಧಣಿಗಳ ಮನೆಗೆ ಹೋದಳು. ಆಗ ಧಣಿ ಎಂದರೆ ಜಯಪ್ರಕಾಶನ ಅಪ್ಪ. ಅವರು ಹೊಸ ಟೀಚರೆಂದು ತಿಳಿದು ಎದ್ದು ನಿಂತರು. ಚಾವಡಿಗೆ ಕರೆದರು. ಕುರ್ಚಿ ಕೊಟ್ಟರು. ಒಳಗಿನಿಂದ ಗ್ಲಾಸಿನಲ್ಲಿ ಕಾಫಿ ಬಂತು. ಯಾವ ಚಾವಡಿಯ ಮೆಟ್ಟಿಲನ್ನು ಅವಳ ಅಪ್ಪ, ಅಜ್ಜ ಮುಟ್ಟಿರಲಿಲ್ಲವೋ ಆ ಚಾವಡಿಯಲ್ಲಿ ಅವಳು ಕಾಲ ಮೇಲೆ ಕಾಲು ಹಾಕಿ ಕೂತು ಕಾಫಿ ಕುಡಿದಳು. ಅರ್ಧ ಕುಡಿಯುವಷ್ಟರಲ್ಲಿ ಅಂಗಳದಲ್ಲಿದ್ದ ಆಳು ಗುರುತು ಹಿಡಿದ.

"ಅಯ್ಯೋ ಧಣಿ, ಇದು ಕಾಲನಿಯ ಚನಿಯ!"

ಗ್ಲಾಸು ಅಂಗಳಕ್ಕೆ ಹಾರಿತು. ಕುರ್ಚಿಯಿಂದ ಎಳೆದು ಹಾಕಿದರು. ಆಗ ಕಾಲೇಜಿಗೆ ಹೋಗುತ್ತಿದ್ದ ಜಯಪ್ರಕಾಶ ಒಳಗಿನಿಂದ ಚಪ್ಪಲಿ ತಂದುಕೊಟ್ಟ. ಸೀರೆಯಲ್ಲೇ ಹೊಡೆದರು. ಆಮೇಲೆ ಕುರ್ಚಿಯನ್ನು ಬಾವಿಕಟ್ಟೆಯಲ್ಲಿ ತೊಳೆದರು.

"ಸೀರೆ ಉಟ್ಟದ್ದಕ್ಕೆ ಹೊಡೆದದ್ದು ಅಂತ ಗ್ರಹಿಸಿದ್ದೀಯಾ?" ಎಂದು ಅವಳು ನನ್ನನ್ನು ಕೇಳಿದ್ದಳು. "ಸೀರೆ ಉಟ್ಟರೆ ಅವ್ರು ನಗಾಡ್ತಾರೆ ಅಷ್ಟೆ. ಕೂತದ್ದಕ್ಕೆ ಹೊಡೆದದ್ದು."

ಹೊಡೆದವರ ತೋಟದಲ್ಲೇ ಯಾಕಮ್ಮ ಕೆಲಸ ಮಾಡುತ್ತೀ ಎಂದು ನಾನು ಕೇಳಿದ್ದೆ. "ನಮ್ಮ ಕಾಲನಿಯ ಸುತ್ತ ಗುಡ್ಡ ಎಲ್ಲ ಯಾರದ್ದು ಮಗಾ?" ಅಂದಳು.

ಧಣಿ ಶೀಟು ಒಣಗಿಸುವ ಮೆಷಿನ್ ಹಾಕಿಸಿ ಹೊಸ ಶೆಡ್ಡು ಕಟ್ಟಿದ ಮೇಲೆ ಹಳೆಯ ಹೊಗೆಮನೆ ಖಾಲಿ ಬಿದ್ದಿತು. ಶೀಟುಗಳನ್ನು ನೇತುಹಾಕಿ ಹೊಗೆ ಕೊಡುತ್ತಿದ್ದ ಉದ್ದ ಕೋಣೆ ಅದು. ಗೋಡೆ, ಮಾಡು, ಮಾಡಿನ ಮರದ ಪಕಾಸು ಎಲ್ಲ ಕಪ್ಪು. ದುಗ್ಗಮ್ಮ ಸೌದೆ ಇಡಲು ಅದನ್ನು ಕೇಳಿಕೊಂಡಳು. ಸೌದೆಯನ್ನು ಒಂದು ಮೂಲೆಗೆ ಒಟ್ಟಿದಳು. ಇನ್ನೊಂದು ತುದಿಗೆ ಗುಜರಿಯಿಂದ ತಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ಇಟ್ಟಳು. ಅದರ ಒಂದು ಕಾಲಿಗೆ ತಂತಿ ಸುತ್ತಿತ್ತು. ಅಲ್ಲಿಂದ ನಮ್ಮ ನಡೆ ಶುರುವಾಯಿತು.

ನಡೆ ಎಂದರೆ ಇಷ್ಟೆ. ಬಾಗಿಲಿನಿಂದ ಕುರ್ಚಿಯವರೆಗೆ ನಡೆಯಬೇಕು. ನಿನ್ನನ್ನು ಯಾವ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದಾರೋ ಅಲ್ಲಿ ಒಳಗೆ ಕೂರುವವಳ ಹಾಗೆ ನಡೆಯಬೇಕು. ಟೀಚರಮ್ಮ, ಡಾಕ್ಟರಮ್ಮ, ಪಂಚಾಯತ್ ಅಧ್ಯಕ್ಷೆ, ಗಲ್ಫಿನಿಂದ ಬಂದಿಳಿದ ಮದುಮಗಳು. ಕೊನೆಗೆ ಕುರ್ಚಿಯಲ್ಲಿ ಕೂರಬೇಕು. ಕೂತದ್ದು ಒಪ್ಪಿಗೆಯಾದರೆ ನಾವೆಲ್ಲ ಅಲ್ಯೂಮಿನಿಯಂ ಟ್ರೇಗಳನ್ನು ಬಡಿದು "ಥೇಟ್! ಥೇಟ್!" ಎಂದು ಕೂಗುತ್ತೇವೆ. ಹಿಂಜರಿದು ತುದಿಯಲ್ಲಿ ಕೂತರೆ ಸೋತ ಹಾಗೆ. ಬೇಕೆಂದೇ ನಗಿಸಿದರೂ ಔಟು. ನಗಿಸಲಿಕ್ಕೆ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದು ದುಗ್ಗಮ್ಮ ಹೇಳುತ್ತಾಳೆ.

ಮೊದಲು ಅವಳು ಮತ್ತು ಕಾಲನಿಯ ಇಬ್ಬರು. ಆಮೇಲೆ ಸಂಪಾಜೆಯಿಂದ ಒಬ್ಬ ಲಾರಿ ಕ್ಲೀನರ್ ಬಂದ, ಹೋಗುವಾಗ ದೀಪ್ತಿ ಆಗಿದ್ದ. ಪುತ್ತೂರಿನಿಂದ, ಕಡಬದಿಂದ, ಆಲಂಕಾರಿನಿಂದ ಬಸ್ಸಿನಲ್ಲಿ ಚೀಲ ಹಿಡಿದುಕೊಂಡು ಬರತೊಡಗಿದರು. ಮನೆಯಿಂದ ಹೊರಹಾಕಿದವರು ಅಲ್ಲೇ ಉಳಿದರು. ಅವರಿಗೆ ಗಂಜಿ, ಚಟ್ನಿ, ಒಂದು ಚಾಪೆ. ನಾವು ಅದನ್ನು ದುಗ್ಗಮ್ಮನ ಮನೆ ಎಂದೆವು. ಈಗ ಕಡಬದಲ್ಲೂ ಒಂದು ಮನೆ ಇದೆ, ಪುತ್ತೂರಿನಲ್ಲೂ ಇದೆ. ಮನೆಮನೆಗೆ ಪಂಥ. ಎಲ್ಲರಿಗೂ ನಡೆ ಕಲಿಸಿದವಳು ಇವಳೇ.

ಹೀಗೆ ಬಂದ ಚಿಕ್ಕವರಲ್ಲಿ ದೊಡ್ಡವಳು ಯಶಸ್ವಿ. ಕಡಬದಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಕೆಲಸ. ಆಲಂಕಾರಿನ ಮನೆಯಲ್ಲಿ ಅವಳು ನಿದ್ದೆಯಲ್ಲಿದ್ದಾಗ ಅಪ್ಪ ಒಮ್ಮೆ ಕೂದಲು ಕತ್ತರಿಸಿದ್ದ. ಅಂದೇ ಮನೆ ಬಿಟ್ಟವಳು ಮತ್ತೆ ಬೆಳೆಸಿದಳು. ಈಗ ಸೊಂಟದವರೆಗೆ ಬರುತ್ತದೆ. ಟೀಚರ ವೇಷವನ್ನು ದುಗ್ಗಮ್ಮ ಬೇರೆ ಯಾರಿಗೂ ಕೊಟ್ಟಿರಲಿಲ್ಲ, ಇವಳಿಗೆ ಕೊಟ್ಟಳು. ಅವಳ ನಡೆಯನ್ನು ಯಾರೋ ರೀಲ್ಸ್ ಮಾಡಿ ಬಿಟ್ಟರು. ಅದು ಊರೂರು ತಿರುಗಿತು. ಯುವಕ ಮಂಡಲಕ್ಕೂ ಬಂತು.

ಒಂದು ದಿನ ಯಶಸ್ವಿಯ ಅಂಗಡಿಗೇ ವಾರ್ಷಿಕೋತ್ಸವದ ಫ್ಲೆಕ್ಸಿನ ಆರ್ಡರ್ ಬಂತು. ತೆರೆದು ನೋಡಿದರೆ ಅವಳದೇ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ, "ವಿಶೇಷ ಆಕರ್ಷಣೆ! ಹೆಣ್ಣೋ ಗಂಡೋ? ಬಂದು ನೋಡಿ!" ಯಾರೂ ಕೇಳಿರಲಿಲ್ಲ. ಆಗುವುದಿಲ್ಲ ಎಂದರೆ ಕೆಲಸ ಹೋಗುತ್ತದೆ. ಅವಳು ಅದನ್ನು ಪ್ರಿಂಟ್ ತೆಗೆದಳು, ಅಂಚು ಕತ್ತರಿಸಿದಳು, ಸುರುಳಿ ಸುತ್ತಿ ಕೊಟ್ಟಳು. ಮಧ್ಯಾಹ್ನ ಫೋನ್ ಮಾಡಿ ನನ್ನ ಹತ್ತಿರ ಅತ್ತಳು. ನನ್ನ ಕೈ ಕೋಳಿಯ ಮೇಲಿತ್ತು. ಆ ದಿನ ಕಡಿದ ಕೋಳಿಯನ್ನು ಕೊಂಡುಹೋದವರು ಎಲುಬಿನ ಚೂರನ್ನೇ ತಿಂದಿರಬೇಕು.

ಮರುದಿನ ಧಣಿಯೇ ಕಾಲನಿಗೆ ಬಂದರು. ಜೀಪಿನಿಂದ ಇಳಿದು ದುಗ್ಗಮ್ಮನ ಅಂಗಳದ ಆಚೆ ನಿಂತರು. ನಾನು ಬಾಗಿಲ ಮರೆಯಲ್ಲಿದ್ದೆ.

"ಚನಿಯಾ, ಈ ಸಲ ಸ್ಪರ್ಧೆಗೆ ನಾನೂ ಸೀರೆ ಉಡ್ತೇನೆ. ಮಂಡಲದ ಅಧ್ಯಕ್ಷನೇ ಉಟ್ಟರೆ ಜನಕ್ಕೆ ಖುಷಿ. ಇಲೆಕ್ಷನ್ ಕೂಡ ಹತ್ರ ಬಂತಲ್ಲ. ನೀನು ಚಂದ ಮಾಡಿ ಉಡಿಸ್ಬೇಕು."

"ಉಡಿಸುವ ಧಣಿ. ನಮ್ಮ ಹುಡುಗಿಯ ಫೋಟೋ ಹಾಕಿದ್ದೀರಿ. ಒಂದು ಮಾತು ಕೇಳ್ಲಿಲ್ಲ."

"ಕೇಳುದೆಂತ ಮಾರಾಯ? ಫೇಮಸ್ ಆಗ್ತಾನಲ್ಲ."

"ಆಗ್ತಾಳೆ," ಅಂದಳು ದುಗ್ಗಮ್ಮ. "ಬರ್ತಾಳೆ. ನಡೀತಾಳೆ. ಆದ್ರೆ ಕೊನೆಗೆ ವಿಗ್ಗು ತೆಗಿ ಅಂತ ಹೇಳ್ಬಾರ್ದು. ಅದು ಅವಳದ್ದೇ ಕೂದಲು. ತಲೆಗೆ ಯಾರೂ ಕೈ ಹಾಕ್ಬಾರ್ದು. ಅಷ್ಟು ಮಾತು ಕೊಡಿ."

"ಆಯ್ತು ಆಯ್ತು. ಅದಕ್ಕೆಂತ." ಜೀಪು ಹತ್ತುವಾಗ ಧಣಿ ತಿರುಗಿದರು. "ಹೊಗೆಮನೆಯಲ್ಲಿ ಎಂತೆಲ್ಲ ಆಗ್ತದೆ ಅಂತ ನನಗೆ ಗೊತ್ತಿಲ್ಲ ಅಂತ ಗ್ರಹಿಸ್ಬೇಡ. ಸುಮ್ಮನಿದ್ದೇನೆ, ಅಷ್ಟೆ."

ಹೋಗುವುದು ಬೇಡ ಎಂದು ನಾನು ಹೇಳಿದೆ. ಯಶಸ್ವಿ ಕೇಳಲಿಲ್ಲ. "ಒಂದು ಸಲ ಹಗಲಿನಲ್ಲಿ ಎಲ್ಲರೆದುರು ನಡೀಬೇಕು ಝುಲೈಖಕ್ಕ. ಯಾರೂ ನಗಾಡದೆ ನೋಡ್ಬೇಕು. ಒಂದೇ ಸಲ ಸಾಕು." ದುಗ್ಗಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

ಸ್ಪರ್ಧೆಯ ದಿನ ದುಗ್ಗಮ್ಮ ತೋಟದ ಕೆಲಸ ಮುಗಿಸಿಕೊಂಡು ಹಾಗೆಯೇ ಬಂದಳು. ರಬ್ಬರ್ ಕಲೆಯ ಲುಂಗಿ, ಹರಿದ ಅಂಗಿ, ತಲೆಗೆ ಸುತ್ತಿದ ಬೈರಾಸು ಟವೆಲು. ಸ್ಟೇಜಿನ ಹಿಂದೆ ಗಂಡಸರು ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದರು. ವರ್ಷ ವರ್ಷ ಅವರಿಗೆ ಸೀರೆ ಉಡಿಸುವವಳು ಇವಳೇ. ಸ್ಟೇಜು ಹತ್ತಲು ಮಾತ್ರ ಅವಳಿಗೆ ಅವಕಾಶ ಇಲ್ಲ. ಗಂಡಸಿನ ಸೊಂಟಕ್ಕೆ ಲಂಗದ ಲಾಡಿ ನಿಲ್ಲುವುದಿಲ್ಲ. ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ನೆರಿಗೆ ಹಿಡಿದು, ಹೊಕ್ಕುಳ ಹತ್ತಿರ ಒಂದು ದೊಡ್ಡ ಪಿನ್ನು ಹಾಕುತ್ತಾಳೆ. ಇಡೀ ಸೀರೆ ಆ ಒಂದು ಪಿನ್ನಿನ ಮೇಲೆ ನಿಲ್ಲುತ್ತದೆ. ಪಿನ್ನು ಅವಳದು. ಸ್ಪರ್ಧೆ ಮುಗಿದು ಇಳಿದು ಬಂದವರ ಮುಂದೆ ಕೂತು ತಾನೇ ಬಿಚ್ಚಿ ವಾಪಸು ತೆಗೆದುಕೊಳ್ಳುತ್ತಾಳೆ. ಧಣಿಯ ನೆರಿಗೆ ಹಿಡಿಯುವಾಗ ಅವಳು ಮೊಣಕಾಲೂರಿ ಕೂತಿದ್ದಳು. ಧಣಿ ಫೋನಿನಲ್ಲಿ ಮಾತಾಡುತ್ತಲೇ ಇದ್ದರು.

ಮೈಕು ವಿಷ್ಣುಪ್ರಸಾದನ ಕೈಯಲ್ಲಿತ್ತು. ಊರಿನ ಎಲ್ಲ ಕಾರ್ಯಕ್ರಮಕ್ಕೂ ಅವನೇ ನಿರೂಪಕ. ರೂಪೇಶ ಎಂಬವನು ಮೀನು ಮಾರುವ ಹೆಂಗಸಿನ ಹಾಗೆ ಸೊಂಟ ಕುಣಿಸಿ ಹೋದ. ಧಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಾಚಿದರು. ಜನ ಶಿಳ್ಳೆ ಹೊಡೆದರು. ಆಮೇಲೆ ಯಶಸ್ವಿ ಬಂದಳು.

ಕೈಯಲ್ಲಿ ಕೊಡೆ, ಹೆಗಲಿಗೆ ಬ್ಯಾಗು, ಎಡಗೈಗೆ ವಾಚು. ನಗಲಿಲ್ಲ, ಕುಣಿಯಲಿಲ್ಲ. ಪೆಂಡಾಲಿನಲ್ಲಿ ಸದ್ದು ಕಡಿಮೆಯಾಯಿತು. ಮುಂದಿನ ಸಾಲಿನಲ್ಲಿ ಒಬ್ಬಳು ಮಗುವಿನ ಬಾಯಿ ಮುಚ್ಚಿದಳು. ಅವಳು ನಡೆದಳು, ಸ್ಟೇಜಿನ ತುದಿಯವರೆಗೆ. ಅಲ್ಲಿ ತಿರುಗಿ ಇಳಿಯಬೇಕಿತ್ತು. ಆದರೆ ನಮ್ಮ ನಡೆ ಕುರ್ಚಿಯಿಲ್ಲದೆ ಮುಗಿಯುವುದಿಲ್ಲ. ಅವಳ ಕಾಲಿಗೆ ಅಷ್ಟೇ ಗೊತ್ತು. ಎದುರಿಗೆ ಸ್ಟೇಜಿನ ಮೇಲೆಯೇ, ಅತಿಥಿಗಳ ಸಾಲಿನ ನಡುವೆ ಅಧ್ಯಕ್ಷರ ಕುರ್ಚಿ ಖಾಲಿ ಇತ್ತು, ಎತ್ತರದ ಬೆನ್ನಿನದು, ಬಿಳಿ ಟವೆಲ್ ಹಾಸಿದ್ದು. ಅವಳು ನೇರ ಅಲ್ಲಿಗೆ ನಡೆದು ಅದರ ಕೈ ಹಿಡಿದು ಕೂರಲು ಬಾಗಿದಳು.

"ಏಯ್, ಏಯ್! ಅದು ಅಧ್ಯಕ್ಷರ ಕುರ್ಚಿ ಮಾರಾಯ್ತಿ! ಅಲ್ಲ, ಮಾರಾಯ!" ವಿಷ್ಣುಪ್ರಸಾದ ಮೈಕಿನಲ್ಲಿ ಕಿರುಚಿದ.

ತಡೆದು ನಿಂತಿದ್ದ ನಗು ಒಮ್ಮೆಲೇ ಒಡೆಯಿತು. ಯಶಸ್ವಿ ಬೆಂಕಿ ಮುಟ್ಟಿದವಳ ಹಾಗೆ ಕೈ ತೆಗೆದಳು. ಅವಳನ್ನು ಎಳೆದು ತಂದು ಸಾಲಿನಲ್ಲಿ ನಿಲ್ಲಿಸಿದರು.

"ಈಗ ನಮ್ಮ ಸುಂದರಿಯರೆಲ್ಲ ವಿಗ್ಗು ತೆಗೀಬೇಕು!"

ಎಲ್ಲರೂ ಕಿತ್ತರು. ಧಣಿಯೂ ಕಿತ್ತು ಬೋಳುತಲೆ ಸವರಿಕೊಂಡರು. ಚಪ್ಪಾಳೆ. ಯಶಸ್ವಿ ಅಲುಗಾಡಲಿಲ್ಲ. ಅವಳು ಧಣಿಯ ಮುಖ ನೋಡಿದಳು. ಧಣಿ ಬೇರೆ ಕಡೆ ನೋಡಿದರು.

"ತೆಗಿ! ತೆಗಿ!" ಪೆಂಡಾಲು ಕೂಗಿತು. ಪಕ್ಕದಲ್ಲಿದ್ದ ರೂಪೇಶ ಅವಳ ಜಡೆಗೆ ಕೈ ಹಾಕಿ ಎಳೆದ. ಅವಳ ಕತ್ತು ಹಿಂದಕ್ಕೆ ಬಾಗಿತು. ಮಲ್ಲಿಗೆ ಉದುರಿತು. ಅವನು ಇನ್ನೊಮ್ಮೆ ಎಳೆದ. ಅವಳು ಮೊಣಕಾಲಿನ ಮೇಲೆ ಬಿದ್ದಳು.

"ಅಯ್ಯೋ ದೇವ್ರೆ, ಇದು ಅಸಲಿ!" ಅಂದ ವಿಷ್ಣುಪ್ರಸಾದ.

ಧಣಿ ಅವನ ಕೈಯಿಂದ ಮೈಕು ತೆಗೆದುಕೊಂಡರು. "ತಲೆದ್ದು ಅಸಲಿ. ಉಳಿದದ್ದು ನೋಡ್ಬೇಕಷ್ಟೆ."

ಮಾತು ಕೊಟ್ಟ ಬಾಯಿ ಅದು. ಊರೇ ನಕ್ಕಿತು. ತಾಯಂದಿರು ನಕ್ಕರು, ಟೀಚರುಗಳು ನಕ್ಕರು. ನನ್ನ ಅಂಗಡಿಯಿಂದ ವಾರವಾರ ಕೋಳಿ ಒಯ್ಯುವವರು ನಕ್ಕರು. ನಾನು ಜನರನ್ನು ತಳ್ಳಿಕೊಂಡು ಸ್ಟೇಜಿನ ಕಡೆ ಓಡಿದೆ. ಕೈಯಲ್ಲಿ ಕತ್ತಿ ಇರಲಿಲ್ಲ. ಒಳ್ಳೆಯದೇ ಆಯಿತು.

ನಾನು ತಲುಪುವ ಮೊದಲೇ ದುಗ್ಗಮ್ಮ ಹಿಂದಿನ ಮೆಟ್ಟಿಲಿನಿಂದ ಸ್ಟೇಜಿಗೆ ಬಂದಿದ್ದಳು. ಲುಂಗಿ, ಅಂಗಿ, ಬೈರಾಸು. ಜನ ಕೆಲಸದಾಳು ಬಂದ ಎಂದುಕೊಂಡರು. ಅವಳು ರೂಪೇಶನ ಮುಂದೆ ಕೂತಳು, ಪ್ರತಿ ವರ್ಷ ಕೂರುವ ಹಾಗೆ. ಅವನು ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದು ನಿಂತ. ಆಸಿಡ್ ತಿಂದ ಆ ಬೆರಳುಗಳು ನೆರಿಗೆಯೊಳಗೆ ಹೋಗಿ ಪಿನ್ನು ಬಿಚ್ಚಿದವು. ಸೀರೆ ಜಾರಿತು. ಅವನು ಎರಡೂ ಕೈಯಲ್ಲಿ ಬಾಚಿ ಹಿಡಿದುಕೊಂಡ. ಆಗಲೇ ಅವಳು ಮುಂದಿನವನ ಹತ್ತಿರ ಇದ್ದಳು. ಆಮೇಲೆ ಅವನಾಚೆಯವನು. ಅವಸರ ಮಾಡಲಿಲ್ಲ. ಒಂದೊಂದು ಪಿನ್ನನ್ನೂ ಮಡಚಿ ತನ್ನ ಅಂಗಿಯ ಅಂಚಿಗೆ ಚುಚ್ಚಿಕೊಂಡಳು.

"ಏಯ್ ಚನಿಯಾ! ಎಂತ ಮಾಡುದು?" ಧಣಿಯ ಕೈಯ ಮೈಕು ಇನ್ನೂ ಆನ್ ಇತ್ತು.

"ಪಿನ್ನು ಧಣಿ. ನನ್ನದು."

ತೆಗೆದಳು. ಮೈಕು ಕೆಳಗೆ ಬಿದ್ದು ಕಿರ್ರೆಂದಿತು. ಧಣಿ ಎರಡೂ ಕೈಯಲ್ಲಿ ನೆರಿಗೆ ಅವುಚಿಕೊಂಡು ನಿಂತರು. ಈಗ ಸಾಲಿನಲ್ಲಿ ಎಲ್ಲ ಗಂಡಸರ ಎರಡೂ ಕೈಗಳಿಗೂ ಕೆಲಸ ಇತ್ತು. ಕೈ ಬಿಟ್ಟರೆ ಸೀರೆ ಬೀಳುತ್ತದೆ. ಹೊಡೆಯಲು, ಎಳೆಯಲು, ತಳ್ಳಲು ಯಾರಿಗೂ ಕೈ ಇರಲಿಲ್ಲ. ಹಿಂದೆ ಯಾರೋ ಮಕ್ಕಳು ಕಿಸಕ್ಕೆಂದರು. ಊರಿನ ನಗುವಿಗೆ ನಾಚಿಕೆ ಇಲ್ಲ, ಅದು ಯಾರ ಮೇಲಾದರೂ ಬೀಳುತ್ತದೆ.

ಯಶಸ್ವಿ ತಾನೇ ಎದ್ದಿದ್ದಳು. ಕೂದಲು ಸಡಿಲ ಬಿದ್ದಿತ್ತು, ಕಟ್ಟಿಕೊಳ್ಳಲಿಲ್ಲ. ದುಗ್ಗಮ್ಮ ಅವಳ ಕೊಡೆಯನ್ನು ಎತ್ತಿಕೊಂಡಳು. ಸ್ಟೇಜಿನ ಆ ತುದಿಗೆ ಹೋಗಿ ತಿರುಗಿದಳು. ನಡೆದಳು.

ಸೀರೆ ಇಲ್ಲ, ಬ್ಯಾಗಿಲ್ಲ, ವಾಚಿಲ್ಲ. ಬರಿಗಾಲು. ಕೊಡೆಯ ತುದಿ ಹಲಗೆಗೆ ತಾಗಿ ಟಕ್, ಟಕ್ ಎಂದಿತು. ಅತಿಥಿಗಳಲ್ಲಿ ಒಬ್ಬರು ತಮಗೇ ಅರಿವಿಲ್ಲದೆ ಎದ್ದು ನಿಂತರು. ನನ್ನ ಗಂಟಲಿನಿಂದ "ಥೇಟ್!" ಹೊರಬಿತ್ತು. ಪೆಂಡಾಲಿನ ಹಿಂದಿನಿಂದ ಇನ್ನೊಂದು ಬಂತು, ಬಲದಿಂದ ಇನ್ನೊಂದು. ನಮ್ಮವರು ಅಲ್ಲಲ್ಲಿ ಚದುರಿ ನಿಂತಿದ್ದರು. ಅಡುಗೆಯವರ ಪಾತ್ರೆಗಳು ಸಿಕ್ಕಿದವು. ಬಡಿದರು.

ಅವಳು ಅಧ್ಯಕ್ಷರ ಕುರ್ಚಿಯವರೆಗೆ ಬಂದಳು. ಟವೆಲನ್ನು ತೆಗೆದು ಮಡಚಿ ಪಕ್ಕಕ್ಕಿಟ್ಟಳು. ಕೂತಳು. ಬೆನ್ನು ಪೂರ್ತಿ ಹಿಂದಕ್ಕೆ ಕೊಟ್ಟು ಕೂತಳು.

"ಇಳಿ! ಇಳಿ ಕೆಳಗೆ!" ಧಣಿ ಸೀರೆ ಹಿಡಿದುಕೊಂಡೇ ಕಿರುಚಿದರು. "ನಾಳೆಯಿಂದ ತೋಟಕ್ಕೆ ಬರುದು ಬೇಡ! ಹೊಗೆಮನೆಗೆ ಬೀಗ ಹಾಕಿಸ್ತೇನೆ!"

"ಹಾಕ್ಸಿ," ಅಂದಳು ದುಗ್ಗಮ್ಮ. ಬಿದ್ದಿದ್ದ ಮೈಕಿಗೂ ಆ ಮಾತು ಕೇಳಿಸಿತು. "ನಾವು ಮಾರ್ಗದಲ್ಲಿ ನಡೀತೇವೆ. ಆ ಮಾರ್ನೆಮಿಗೆ ನಿಮ್ಮ ಚಾವಡಿಯಲ್ಲಿ ಅರ್ಧ ಕಾಫಿ ಕುಡಿಯುವಾಗ ಎಬ್ಬಿಸಿದ್ದೀರಿ. ಚಪ್ಪಲಿ ತಂದುಕೊಟ್ಟದ್ದು ನೀವೇ. ಇನ್ನರ್ಧ ಕಾಫಿ ತರ್ಸಿ. ಕುಡಿದು ಇಳೀತೇನೆ."

ಯಾರೂ ತರಲಿಲ್ಲ. ಅತಿಥಿಗಳು ಒಬ್ಬೊಬ್ಬರಾಗಿ ಕಾರಿನ ಕಡೆ ಜಾರಿದರು. ಅವರ ಕುರ್ಚಿಗಳು ಖಾಲಿಯಾದವು. ಯಶಸ್ವಿ ಒಂದರಲ್ಲಿ ಕೂತಳು. ನಾನು ಹತ್ತಿ ಇನ್ನೊಂದರಲ್ಲಿ ಕೂತೆ, ಕೋಳಿಯ ವಾಸನೆ ಸಮೇತ. ದೀಪ್ತಿ ಬಂದಳು, ಕಡಬದವರು ಬಂದರು, ಪುತ್ತೂರಿನವರು ಬಂದರು. ಕುರ್ಚಿ ಸಾಲದೆ ಬಂದವರು ನೆಲದಲ್ಲಿ ಕೂತರು.

ಕಾಫಿ ಬರಲಿಲ್ಲ, ಪೊಲೀಸ್ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಸ್ಟೇಜಿನ ಕೆಳಗೆ ನಿಂತು ಲಾಠಿಯಿಂದ ಹಲಗೆ ಬಡಿದು, "ಏಳಿ, ಏಳಿ ಎಲ್ಲರೂ" ಅಂದರು. ಸುಳ್ಳು ಹೇಳುವುದಿಲ್ಲ. ಎದ್ದುಬಿಡೋಣ ಅನ್ನಿಸಿತು.

ದುಗ್ಗಮ್ಮ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಾಲ ಮೇಲೆ ಕಾಲು ಹಾಕಿದಳು.

"ಕಾಫಿ ಆಗ್ಲಿ ಸಾರ್," ಅಂದಳು.